ಪುರಾಣ ಬಲ್ಲವರು ಶಿವ ಸರಣಿಯನ್ನು ಓದುವ ಬಗೆ

ಅಮೀಶ್ ತ್ರಿಪಾಠಿಯವರ ಶಿವ ಸರಣಿಯನ್ನು ಕೈಗೆತ್ತಿಕೊಳ್ಳುವ ಕನ್ನಡದ ಓದುಗರಲ್ಲಿ ಹೆಚ್ಚಿನವರಿಗೆ ಅಲ್ಲಿನ ಹೆಸರುಗಳು ಮೊದಲೇ ಪರಿಚಿತ. ನಂದಿ, ವೀರಭದ್ರ, ದಕ್ಷ, ಸತಿ, ಬೃಹಸ್ಪತಿ ಇವರಲ್ಲಿ ಯಾರೂ ಹೊಸಬರಲ್ಲ. ತೊಡಕು ಹುಟ್ಟುವುದೂ ಅಲ್ಲಿಯೇ. ಬಲ್ಲ ಹೆಸರನ್ನು ಹೊತ್ತು ಅರಿಯದ ಮನುಷ್ಯನೊಬ್ಬ ಎದುರಾದಾಗ ಕೆಲವರು ‘ಪುರಾಣದಲ್ಲಿ ಹೀಗಿಲ್ಲವಲ್ಲ’ ಎಂದು ಪುಸ್ತಕವನ್ನು ಮುಚ್ಚಿಡುತ್ತಾರೆ. ಇನ್ನು ಕೆಲವರು ‘ನಿಜವಾಗಿ ನಡೆದದ್ದು ಹೀಗೆಯೇ ಇರಬೇಕು’ ಎಂದು ನಂಬಿಬಿಡುತ್ತಾರೆ. ಮೂಲಕಥೆಯನ್ನು ಪಕ್ಕದಲ್ಲಿಟ್ಟುಕೊಂಡು, ಲೇಖಕರು ಅದರಿಂದ ಎಲ್ಲೆಲ್ಲಿ ಬೇರೆಯಾಗುತ್ತಾರೆ, ಏಕೆ ಬೇರೆಯಾಗುತ್ತಾರೆ ಎಂಬುದನ್ನು ಗಮನಿಸುತ್ತ ಓದಿದರೆ ಈ ಎರಡು ತೊಂದರೆಗಳೂ ಇರುವುದಿಲ್ಲ.

ಮೊದಲು ಓದಿನ ಕ್ರಮ. ಶಿವನ ಮೂರು ಕಾದಂಬರಿಗಳು 2010, 2011 ಮತ್ತು 2013ರಲ್ಲಿ ಬಂದವು: ‘ದಿ ಇಮ್ಮಾರ್ಟಲ್ಸ್ ಆಫ್ ಮೆಲೂಹ’, ‘ದಿ ಸೀಕ್ರೆಟ್ ಆಫ್ ದಿ ನಾಗಾಸ್’, ‘ದಿ ಓತ್ ಆಫ್ ದಿ ವಾಯುಪುತ್ರಾಸ್’. ಆಮೇಲೆ ರಾಮಚಂದ್ರ ಸರಣಿಯಲ್ಲಿ ರಾಮ, ಸೀತೆ ಮತ್ತು ರಾವಣರನ್ನು ಕುರಿತ ಒಂದೊಂದು ಪುಸ್ತಕ 2015, 2017 ಮತ್ತು 2019ರಲ್ಲಿಯೂ, ಲಂಕೆಯ ಯುದ್ಧದ ಪುಸ್ತಕ 2022ರಲ್ಲಿಯೂ ಹೊರಬಂದವು. ಕಥೆಯ ಕಾಲದಲ್ಲಿ ರಾಮನು ಶಿವನಿಗಿಂತ ಬಹಳ ಹಿಂದಿನವನಾದ್ದರಿಂದ ರಾಮಚಂದ್ರ ಸರಣಿಯಿಂದಲೇ ಆರಂಭಿಸಬೇಕೆಂದು ಹಲವರಿಗೆ ತೋರುತ್ತದೆ. ನನ್ನ ಅಭಿಪ್ರಾಯದಲ್ಲಿ ಅದು ಬೇಡ. ಶಿವ ಸರಣಿಯಲ್ಲಿ ರಾಮನು ಆಗಲೇ ದೇವರಾಗಿಬಿಟ್ಟಿದ್ದಾನೆ. ಸೂರ್ಯವಂಶಿಗಳ ರಾಜ್ಯವಾದ ಮೆಲೂಹದ ಜನ ಅವನ ಕಾನೂನುಗಳನ್ನು ಚಾಚೂ ತಪ್ಪದೆ ಪಾಲಿಸುತ್ತಾರೆ, ಮಾತುಮಾತಿಗೂ ಅವನ ಹೆಸರು ಹಿಡಿಯುತ್ತಾರೆ. ಆ ಭಕ್ತಿಯನ್ನು ಕಂಡ ಮೇಲೆ, ಸಂಶಯ ಮತ್ತು ಅವಮಾನಗಳ ನಡುವೆ ಬೆಳೆದ ರಾಜಕುಮಾರನ ಕಥೆಯನ್ನು ಓದಿದರೆ ಮನುಷ್ಯನೊಬ್ಬ ಹೇಗೆ ಐತಿಹ್ಯವಾಗುತ್ತಾನೆಂಬುದು ಸ್ಪಷ್ಟವಾಗುತ್ತದೆ. ಕ್ರಮ ತಿರುಗಿಸಿದರೆ ಈ ರುಚಿ ಸಿಗುವುದಿಲ್ಲ.

ಎರಡನೆಯದು ಪೂರ್ವಸಿದ್ಧತೆ, ಅದಕ್ಕೆ ಒಂದೆರಡು ಸಂಜೆ ಸಾಕು. ಭಾಗವತದ ನಾಲ್ಕನೆಯ ಸ್ಕಂಧದ ದಕ್ಷಯಜ್ಞದ ಪ್ರಸಂಗವನ್ನೂ ಎಂಟನೆಯ ಸ್ಕಂಧದ ಹಾಲಾಹಲದ ಪ್ರಸಂಗವನ್ನೂ ಒಮ್ಮೆ ಓದಿಕೊಳ್ಳಿ. ಹಳೆಯ ಕಾವ್ಯದ ಅಭ್ಯಾಸವಿದ್ದವರಿಗೆ ರಾಘವಾಂಕನ ‘ವೀರೇಶ ಚರಿತೆ’ ಇದೆ. ವೀರಗಾಸೆಯ ಕುಣಿತವನ್ನು ನೋಡಿ ಒಡಪುಗಳನ್ನು ಕೇಳಿದವರಿಗಂತೂ ದಕ್ಷನ ಕಥೆ ಬಾಯಿಪಾಠವೇ ಆಗಿರುತ್ತದೆ. ಈ ಎರಡು ಪ್ರಸಂಗಗಳು ಮನಸ್ಸಿನಲ್ಲಿದ್ದರೆ ಕಾದಂಬರಿಯ ಅರ್ಧ ಕುಶಲತೆ ತಾನಾಗಿ ಕಾಣುತ್ತದೆ. ಪುರಾಣದ ಶಿವ ಲೋಕವನ್ನು ಉಳಿಸಲು ವಿಷ ಕುಡಿದು ನೀಲಕಂಠನಾದ. ಇಲ್ಲಿನ ಶಿವ ಮಾನಸ ಸರೋವರದ ಬಳಿಯ ಒಂದು ಬುಡಕಟ್ಟಿನ ನಾಯಕ. ವಲಸೆ ಬಂದವನಿಗೆ ಕಾಶ್ಮೀರದಲ್ಲಿ ಔಷಧವೆಂದು ಕೊಟ್ಟ ಸೋಮರಸದಿಂದ ಅವನ ಕೊರಳು ನೀಲಿಯಾಗುತ್ತದೆ. ವಿಷವಿದ್ದ ಜಾಗದಲ್ಲಿ ಅಮೃತವನ್ನು ಇಟ್ಟಿರುವ ಈ ಬದಲಾವಣೆಯನ್ನು ಗುರುತು ಹಾಕಿಕೊಳ್ಳಿ. ಮೂರೂ ಪುಸ್ತಕಗಳ ವಾದ ಇದರ ಮೇಲೆಯೇ ನಿಂತಿದೆ. ಹಾಗೆಯೇ, ಪುರಾಣದಲ್ಲಿ ಶಿವನ ಜಟೆಯಿಂದ ಕೋಪವಾಗಿ ಎದ್ದುಬರುವ ವೀರಭದ್ರ ಇಲ್ಲಿ ಭದ್ರನೆಂಬ ಬಾಲ್ಯದ ಗೆಳೆಯ, ‘ವೀರ’ ಎಂಬುದು ಆಮೇಲೆ ದೊರೆತ ಬಿರುದು. ರುದ್ರನು ಶಿವನ ಇನ್ನೊಂದು ಹೆಸರಲ್ಲ, ಅವನಿಗಿಂತ ಹಿಂದೆ ಇದ್ದ ಬೇರೊಬ್ಬ ಮಹಾದೇವ.

ಓದುವಾಗ ಒಂದು ಚಿಕ್ಕ ಪುಸ್ತಕದಲ್ಲಿ ಎಡಕ್ಕೆ ಪುರಾಣ, ಬಲಕ್ಕೆ ಕಾದಂಬರಿ ಎಂದು ಗೆರೆ ಎಳೆದು ಬರೆದುಕೊಂಡರೆ ಒಳ್ಳೆಯದು, ವಿಶೇಷವಾಗಿ ವಂಶಗಳ ವಿಷಯದಲ್ಲಿ. ಅಯೋಧ್ಯೆ ಎಂದೊಡನೆ ನಮಗೆ ಇಕ್ಷ್ವಾಕು ಕುಲ, ಸೂರ್ಯವಂಶ ನೆನಪಾಗುತ್ತದೆ. ಶಿವ ಸರಣಿಯಲ್ಲಿ ಅದು ಚಂದ್ರವಂಶಿಗಳ ಸ್ವದ್ವೀಪದ ರಾಜಧಾನಿ, ಅಲ್ಲಿನ ದೊರೆ ದಿಲೀಪ, ಅವನ ಮಗ ಭಗೀರಥ. ತಂದೆ ಮಗನ ನಂಟು ರಾಮಾಯಣದಲ್ಲಿದ್ದಂತೆಯೇ ಇದೆ, ವಂಶ ಮಾತ್ರ ತಲೆಕೆಳಗಾಗಿದೆ. ಇದನ್ನು ಲೇಖಕರ ಅಜ್ಞಾನವೆಂದು ತಳ್ಳಿಹಾಕುವುದು ಸುಲಭ. ಆದರೆ ರಾಮನ ಹುಟ್ಟೂರೇ ಇಂದು ರಾಮನ ಅನುಯಾಯಿಗಳ ಶತ್ರುವಿನ ಕೈಯಲ್ಲಿದೆ ಎಂಬ ಸಂಗತಿ ಶಿವನ ಮುಂದೆ ಒಡ್ಡುವ ಪ್ರಶ್ನೆಯನ್ನು ಗಮನಿಸಿದರೆ ಅದು ಬೇಕೆಂದೇ ಮಾಡಿದ ಆಯ್ಕೆಯೆಂದು ತಿಳಿಯುತ್ತದೆ.

ಪಾತ್ರಗಳ ಪಟ್ಟಿಯನ್ನು ಅಂತರ್ಜಾಲದಲ್ಲಿ ಹುಡುಕಲು ಹೋಗಬೇಡಿ. ಮೊದಲ ಪುಸ್ತಕದಲ್ಲಿ ಸುಳಿದಾಡುವ ಮುಸುಕಿನ ನಾಗ (ಇಲ್ಲಿ ನಾಗರೆಂದರೆ ಅಂಗವೈಕಲ್ಯದೊಂದಿಗೆ ಹುಟ್ಟಿದ ಜನ) ಯಾರೆಂಬುದನ್ನು ನಿಮ್ಮ ಪುರಾಣಜ್ಞಾನದಿಂದಲೇ ಊಹಿಸುವುದು ಈ ಸರಣಿಯ ದೊಡ್ಡ ಸುಖ. ಯಾವ ವಿಶ್ವಕೋಶದ ಪುಟವಾದರೂ ಅದನ್ನು ಮೊದಲ ಸಾಲಿನಲ್ಲೇ ಕೆಡಿಸಿಬಿಡುತ್ತದೆ.

ಇನ್ನು ಇತಿಹಾಸದ ಮಾತು. ಕಥೆ ನಡೆಯುವುದು ಕ್ರಿ.ಪೂ. 1900ರಲ್ಲಿ. ಸಿಂಧೂ ಕಣಿವೆಯ ನಗರಗಳ ಉಚ್ಛ್ರಾಯ ಕಾಲವೆಂದು ಪುರಾತತ್ತ್ವಜ್ಞರು ಗುರುತಿಸುವುದು ಸುಮಾರು ಕ್ರಿ.ಪೂ. 2600ರಿಂದ 1900ರವರೆಗೆ, ಎಂದರೆ ಲೇಖಕರು ಆ ನಾಗರಿಕತೆ ಇಳಿಮುಖವಾಗುವ ಅಂಚನ್ನೇ ಆರಿಸಿಕೊಂಡಿದ್ದಾರೆ. ಮೆಲೂಹವೂ ಕಟ್ಟುಕಥೆಯ ಹೆಸರಲ್ಲ: ಮೆಲೂಹದ ಹಡಗುಗಳು ತನ್ನ ಬಂದರಿಗೆ ಬರುತ್ತಿದ್ದವೆಂದು ಪ್ರಾಚೀನ ಮೆಸೊಪೊಟೇಮಿಯದ ಅಕ್ಕಾಡದ ದೊರೆ ಸಾರ್ಗೋನನ ಶಾಸನ ಹೇಳುತ್ತದೆ, ಆ ನಾಡು ಸಿಂಧೂ ಪ್ರದೇಶವೇ ಎಂದು ಬಹುಪಾಲು ವಿದ್ವಾಂಸರು ಭಾವಿಸುತ್ತಾರೆ. ಚೌಕಟ್ಟಾದ ಬೀದಿಗಳು, ಮುಚ್ಚಿದ ಚರಂಡಿಗಳು, ಸಾರ್ವಜನಿಕ ಸ್ನಾನದ ಕೊಳ ಇವು ಉತ್ಖನನದಲ್ಲಿ ಸಿಕ್ಕಿರುವಂಥವೇ. ಸತ್ಯ ಇಲ್ಲಿಗೆ ನಿಲ್ಲುತ್ತದೆ. ಆ ಜನರ ಲಿಪಿಯನ್ನು ಇಂದಿಗೂ ಸರ್ವಸಮ್ಮತವಾಗಿ ಓದಲಾಗಿಲ್ಲ. ಮೊಹೆಂಜೊದಾರೊದ ‘ಪಶುಪತಿ’ ಮುದ್ರೆಯಲ್ಲಿರುವುದು ಶಿವನೇ ಎಂಬ ಪುರಾತತ್ತ್ವಜ್ಞ ಜಾನ್ ಮಾರ್ಷಲ್ಲರ ಊಹೆ ವಿವಾದದಲ್ಲೇ ಇದೆ. ಹೀಗಿರುವಾಗ ಅಲ್ಲಿನ ಆಡಳಿತ, ಕುಲಪದ್ಧತಿ, ಸೋಮರಸದ ರಸಾಯನಶಾಸ್ತ್ರ ಎಲ್ಲವೂ ಲೇಖಕರ ಸೃಷ್ಟಿ. ಆಮ್ಲಜನಕದಿಂದ ದೇಹ ಮುಪ್ಪಾಗುತ್ತದೆ, ಸೋಮರಸ ಅದನ್ನು ತಡೆಯುತ್ತದೆ ಎಂದು ಬೃಹಸ್ಪತಿ ವಿವರಿಸುವ ಪುಟಗಳು ಸೊಗಸಾಗಿವೆ. ಅವನ್ನು ವೇದದಲ್ಲಿ ಹುಡುಕುವ ಅಗತ್ಯವಿಲ್ಲ.

ಎಲ್ಲಿ ನಿಧಾನಿಸಬೇಕು, ಎಲ್ಲಿ ಓಡಬೇಕೆಂಬುದನ್ನೂ ಹೇಳುವುದು ಮೇಲು. ಮೊದಲ ಪುಸ್ತಕದ ಪ್ರಥಮಾರ್ಧ ಒಂದು ದೀರ್ಘ ನಗರದರ್ಶನದಂತಿದ್ದು, ಅಲ್ಲಿ ಬೇಸರವಾದರೆ ಧೈರ್ಯವಾಗಿ ಪುಟ ಹಾರಿಸಬಹುದು. ಆದರೆ ‘ಮೈಕ’ ಮತ್ತು ‘ವಿಕರ್ಮ’ರ ಭಾಗಗಳನ್ನು ಬಿಡಬೇಡಿ. ಹುಟ್ಟಿದ ಮಕ್ಕಳನ್ನೆಲ್ಲ ಒಂದೆಡೆ ಬೆಳೆಸಿ, ಪರೀಕ್ಷೆಯ ಮೇಲೆ ವರ್ಣವನ್ನು ಗೊತ್ತುಮಾಡುವ ನ್ಯಾಯಬದ್ಧ ರಾಜ್ಯವೇ ಹಿಂದಿನ ಜನ್ಮದ ಪಾಪದ ಹೆಸರಿನಲ್ಲಿ ಕೆಲವರನ್ನು ಮುಟ್ಟಬಾರದವರನ್ನಾಗಿ ಮಾಡಿದೆ. ಇವೆರಡನ್ನೂ ಅಕ್ಕಪಕ್ಕ ಇಟ್ಟು ಓದಿದರೆ ಲೇಖಕರು ಮೆಲೂಹವನ್ನು ಮೆಚ್ಚಿಯೂ ಪೂರ್ತಿ ಒಪ್ಪುತ್ತಿಲ್ಲವೆಂಬುದು ತಿಳಿಯುತ್ತದೆ. ಎರಡನೆಯ ಪುಸ್ತಕ ಮೂರರಲ್ಲಿ ಬಿಗಿಯಾದದ್ದು. ಮೂರನೆಯದರ ಯುದ್ಧವ್ಯೂಹಗಳು ನನಗಂತೂ ಹೆಚ್ಚಾದವು.

ಭಾಷೆ ಇಂದಿನ ಆಡುಮಾತು, ಶಿವ ಚಿಲುಮೆ ಸೇದುತ್ತಾನೆ, ಬೈಗುಳವನ್ನೂ ಆಡುತ್ತಾನೆ. ಮನೆಯ ಹಿರಿಯರಿಗೆ ಕೊಡುವ ಮುನ್ನ ಇದನ್ನು ತಿಳಿಸಿಬಿಡುವುದು ಕ್ಷೇಮ. ರಾಮನ ಪುಸ್ತಕದಲ್ಲಿ ಅತ್ಯಾಚಾರ ಮತ್ತು ಕೊಲೆಯ ಕ್ರೂರ ಪ್ರಸಂಗವೊಂದಿರುವುದರಿಂದ ‘ರಾಮಾಯಣವಲ್ಲವೇ’ ಎಂದು ಚಿಕ್ಕ ಮಕ್ಕಳ ಕೈಗೆ ಕೊಡುವುದು ಬೇಡ; ಹೈಸ್ಕೂಲು ಮುಗಿಯುವ ವಯಸ್ಸಿನವರಾದರೆ ಜೊತೆಗೆ ಓದಿ ಮಾತನಾಡಬಹುದು.

ರಾವಣನ ಪುಸ್ತಕ ಮುಗಿಸಿದವರು ಲಂಕೆಯ ಯುದ್ಧಕ್ಕೆ ಹೋಗುವ ಮುನ್ನ ನಾಗಚಂದ್ರನ ‘ರಾಮಚಂದ್ರ ಚರಿತಪುರಾಣ’ದ ರಾವಣನನ್ನು ಒಮ್ಮೆ ನೋಡಿಬರಲಿ, ಗದ್ಯಾನುವಾದವಾದರೂ ಸರಿ. ಜೈನ ಪರಂಪರೆಯ ಆ ಕಥೆಯಲ್ಲಿ ರಾವಣನನ್ನು ಕೊಲ್ಲುವವನು ಲಕ್ಷ್ಮಣ, ರಾವಣನಾದರೋ ತನ್ನ ತಪ್ಪಿಗೆ ಮರುಗುವ ದುರಂತನಾಯಕ. ಅಮೀಶರು ರಾಮಾಯಣವನ್ನು ತಿರುಚಿದರೆಂದು ದೂರುವವರಿಗೆ ಆ ಒಂಬೈನೂರು ವರ್ಷ ಹಳೆಯ ಕಾವ್ಯವನ್ನು ತೋರಿಸಲು ನಾನು ಹಿಂಜರಿಯುವುದಿಲ್ಲ.