ಸಿಲಿಕಾನ್ ಮೇಲೆ ಒಂದೇ ಒಂದು ಪಲ್ಸ್

ನಮ್ಮ ಲ್ಯಾಬಲ್ಲಿರೋದು ಬೆಳಕನ್ನ ಬಿಡಿಬಿಡಿಯಾಗಿ, ಅತಿ ಚಿಕ್ಕ ಮಿಡಿತಗಳಾಗಿ (ಪಲ್ಸ್) ಬಿಡೋ ಲೇಸರ್. ಬೆಳಿಗ್ಗೆ ಅದನ್ನ ಆನ್ ಮಾಡಿ ಒಂದೆರಡು ಗಂಟೆ ಬಿಟ್ಟು ನಾನು ಮೊದಲು ಮಾಡೋ ಕೆಲಸ, ಬೀಮ್‌ನ ಲೆನ್ಸಲ್ಲಿ ಗಾಳಿಗೇ ಫೋಕಸ್ ಮಾಡೋದು. ಫೋಕಸ್ ಇರೋ ಕಡೆ ಗಾಳಿನೇ ಪ್ಲಾಸ್ಮಾ (ಎಲೆಕ್ಟ್ರಾನ್ ಕಿತ್ತುಹೋದ ಅನಿಲ) ಆಗಿ ಒಂದು ಸಣ್ಣ ಕಿಡಿ ನಿಲ್ಲುತ್ತೆ, ಸೆಕೆಂಡಿಗೆ 1000 ಪಲ್ಸ್ ಆದ್ದರಿಂದ ಕುಂಯ್ ಅಂತ ಸದ್ದೂ ಬರುತ್ತೆ. ಪಲ್ಸ್‌ನ ಕುಗ್ಗಿಸೋ ಗೆರೆಗೆರೆ ಫಲಕನ (ಕಂಪ್ರೆಸರ್ ಗ್ರೇಟಿಂಗ್) ಚೂರುಚೂರೇ ಸರಿಸ್ತಾ ಆ ಸದ್ದು ಜಾಸ್ತಿ ಆಗೋ ಜಾಗದಲ್ಲಿ ನಿಲ್ಲಿಸಿದ್ರೆ ಪಲ್ಸ್ ಹೆಚ್ಚುಕಮ್ಮಿ ಅತಿ ಚಿಕ್ಕದಾಗಿದೆ ಅಂತ ಅರ್ಥ, ಆಮೇಲೆ ಪಲ್ಸ್ ಎಷ್ಟು ಹೊತ್ತಿನದು ಅಂತ ಅಳೆಯೋ ಆಟೋಕೋರಿಲೇಟರಲ್ಲಿ ನೋಡ್ಕೋಬೇಕು. ಪಲ್ಸ್ ಹಿಗ್ಗಿಸಿ, ಶಕ್ತಿ ತುಂಬಿಸಿ, ಮತ್ತೆ ಕುಗ್ಗಿಸೋ ಈ ಉಪಾಯ ಡೊನ್ನಾ ಸ್ಟ್ರಿಕ್‌ಲ್ಯಾಂಡ್ ಮತ್ತು ಜೆರಾರ್ ಮೂರು ಅನ್ನೋ ಇಬ್ಬರು ವಿಜ್ಞಾನಿಗಳು 1985ರಲ್ಲಿ ಮಾಡಿ ತೋರಿಸಿದ್ದು, 2018ರಲ್ಲಿ ನೊಬೆಲ್ ಬಂತು. ಇದಿಲ್ಲದಿದ್ರೆ ಶಕ್ತಿ ತುಂಬಿಸೋ ಆಂಪ್ಲಿಫೈಯರ್ ಒಳಗಿನ ಹರಳೇ ಒಡೆದುಹೋಗ್ತಿತ್ತು.

ನಮ್ಮ ಲೇಸರ್ ಬೆಳಕಿನ ತರಂಗದುದ್ದ 800 ನ್ಯಾನೋಮೀಟರ್, ಒಂದು ಪಲ್ಸ್ 100 ಫೆಮ್ಟೋಸೆಕೆಂಡ್ (ಸೆಕೆಂಡನ್ನ ಹತ್ತು ಕೋಟಿ ಕೋಟಿ ಭಾಗ ಮಾಡಿದ್ರೆ ಒಂದು ಭಾಗ ಒಂದು ಫೆಮ್ಟೋಸೆಕೆಂಡ್). ಅಷ್ಟು ಹೊತ್ತಲ್ಲಿ ಬೆಳಕು ಹೋಗೋದೇ 30 ಮೈಕ್ರಾನ್ (ಮೈಕ್ರಾನ್ ಅಂದ್ರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ). ಅಷ್ಟರಲ್ಲಿ ಶಕ್ತಿಯೆಲ್ಲ ಸಿಲಿಕಾನ್‌ನ ಎಲೆಕ್ಟ್ರಾನ್‌ಗಳಿಗೆ ಸೇರಿಬಿಡುತ್ತೆ, ಪರಮಾಣುಗಳಿಗೆ ಬಿಸಿ ದಾಟೋಕೆ ಪಿಕೋಸೆಕೆಂಡ್‌ಗಳು (ಒಂದೊಂದೂ ಸಾವಿರ ಫೆಮ್ಟೋಸೆಕೆಂಡ್) ಬೇಕು, ಅಷ್ಟೊತ್ತಿಗೆ ಪಲ್ಸ್ ಮುಗಿದೇ ಹೋಗಿರುತ್ತೆ. ಅದಕ್ಕೇ ಬಿಸಿ ಅಕ್ಕಪಕ್ಕ ಹೆಚ್ಚು ಹರಡದೆ ಪಲ್ಸ್ ಬಿದ್ದಲ್ಲಿ ಗುಳಿ ನೀಟಾಗಿ ಬರೋದು.

ನನಗೆ ಬೇಕಿದ್ದದ್ದು ಸಿಲಿಕಾನ್ ಹಾಳಾಗೋಕೆ ಶುರುವಾಗೋ ಶಕ್ತಿ ಎಷ್ಟು ಅಂತ. ವಿಧಾನ ಸುಲಭ: ಬೇರೆಬೇರೆ ಶಕ್ತಿಯಲ್ಲಿ ಹೊಡೆದು, ಗುಳಿಯ ವ್ಯಾಸದ ವರ್ಗನ ಶಕ್ತಿಯ ಲಾಗರಿದಮ್ ಎದುರು ಗ್ರಾಫ್ ಹಾಕಿದ್ರೆ ನೇರ ಗೆರೆ ಬರುತ್ತೆ, ಅದು ಸೊನ್ನೆ ಮುಟ್ಟೋ ಕಡೆ ನಮ್ಮ ಉತ್ತರ, ಗೆರೆಯ ಇಳಿಜಾರಿಂದ ಬೀಮ್ ಎಷ್ಟು ಅಗಲ ಅಂತಾನೂ ಸಿಗುತ್ತೆ.

ಮೊದಲ ವಾರ ನನ್ನ ಗೆರೆ ನೇರವಾಗಲೇ ಇಲ್ಲ, ಬಂದ ನಂಬರೂ ತೀರಾ ಕಮ್ಮಿ. ಲೆನ್ಸ್ ಬದಲಾಯಿಸಿದೆ, ಸ್ಯಾಂಪಲ್ ಓರೆ ಇದೆಯಾ ನೋಡಿದೆ, ಐಸೋಪ್ರೊಪೈಲ್ ಆಲ್ಕೊಹಾಲಲ್ಲಿ ಮತ್ತೆಮತ್ತೆ ಒರೆಸಿದೆ. ಕೊನೆಗೆ ಮೈಕ್ರೋಸ್ಕೋಪಲ್ಲಿ ನಿಧಾನಕ್ಕೆ ನೋಡಿದಾಗ ಗೊತ್ತಾಯ್ತು, ಸ್ಯಾಂಪಲ್ ಇಟ್ಟು ಸರಿಸೋ ಸ್ಟೇಜ್ ಸೆಕೆಂಡಿಗೆ 10 ಮಿಲಿಮೀಟರ್ ಓಡ್ತಿದೆ ಅಂದ್ರೆ ಎರಡು ಪಲ್ಸ್ ಮಧ್ಯೆ ಬರೀ 10 ಮೈಕ್ರಾನ್, ಬೀಮ್ ಬೀಳೋ ನನ್ನ ಸ್ಪಾಟ್ ಅದಕ್ಕಿಂತ ದೊಡ್ಡದು! ಒಂದೇ ಜಾಗಕ್ಕೆ ಎರಡ್ಮೂರು ಪಲ್ಸ್ ಬೀಳ್ತಿತ್ತು. ಮೊದಲ ಪಲ್ಸ್ ಕಣ್ಣಿಗೆ ಕಾಣದಿದ್ರೂ ಸಿಲಿಕಾನ್‌ನ ಬದಲಾಯಿಸಿಬಿಟ್ಟಿರುತ್ತೆ, ಮುಂದಿನದಕ್ಕೆ ಒಡೆಯೋದು ಸಲೀಸು. ಪಲ್ಸ್ ಬಿಡೋ-ತಡೆಯೋ ಸ್ವಿಚ್ಚಿನಂಥ ಪಾಕೆಲ್ಸ್ ಸೆಲ್‌ನ ಸೆಟ್ಟಿಂಗ್ ಬದಲಾಯಿಸಿ ಸೆಕೆಂಡಿಗೆ 10 ಪಲ್ಸಿಗೆ ಇಳಿಸಿ ಸ್ಟೇಜ್‌ನ ಸೆಕೆಂಡಿಗೆ 1 ಮಿಲಿಮೀಟರಲ್ಲಿ ಓಡಿಸಿದೆ, 100 ಮೈಕ್ರಾನಿಗೊಂದು ಗುಳಿ, ರಂಗೋಲಿ ಚುಕ್ಕಿ ಇಟ್ಟ ಹಾಗೆ. ಗೆರೆ ನೇರ ಬಂತು, ನಂಬರೂ ಮೇಲೆ ಹೋಯ್ತು.

ಆಮೇಲೆ ಬೇಕಂತಲೇ ಒಂದೇ ಜಾಗಕ್ಕೆ 100 ಪಲ್ಸ್ ಕೊಟ್ಟು ನೋಡಿದೆ. ಎಲೆಕ್ಟ್ರಾನ್ ಮೈಕ್ರೋಸ್ಕೋಪಲ್ಲಿ ಗುಳಿ ತುಂಬ ಉತ್ತ ಹೊಲದ ಥರ ಸಾಲುಸಾಲು, ಸಾಲಿಂದ ಸಾಲಿಗೆ ಬೆಳಕಿನ ತರಂಗದುದ್ದಕ್ಕಿಂತ ಸ್ವಲ್ಪ ಕಮ್ಮಿ ಅಂತರ. ಬೆಳಕಿನ ಕಂಪನದ ದಿಕ್ಕನ್ನ (ಪೋಲರೈಸೇಷನ್) 90 ಡಿಗ್ರಿ ತಿರುಗಿಸಿ ಪಕ್ಕದಲ್ಲೇ ಇನ್ನೊಂದು ಹೊಡೆದೆ, ಸಾಲುಗಳೂ ಅಡ್ಡಡ್ಡ ತಿರುಗಿದ್ವು. ಆ ಎರಡು ಗುಳಿಯ ಫೋಟೋ ಇವತ್ತಿಗೂ ನನ್ನ ಮೇಜಿನ ಮೇಲಿದೆ.