ಮಳೆಗಾಲದ ಬೀಪ್, ತುಲಾ ತಿಂಗಳ ಸಿಡಿಲು: ಮನೆ ಕಂಪ್ಯೂಟರ್ ಜೊತೆ ನನ್ನ ಅನುಭವ

ನಮ್ಮ ಮನೆ ಬದಿಯಡ್ಕದಿಂದಲೂ ಒಳಗೆ. ಕಂಪ್ಯೂಟರ್ ಕೆಟ್ಟರೆ ಕಾಸರಗೋಡು ಪೇಟೆಗೆ ಒಯ್ಯಬೇಕು. ಹೋಗಿ ಬಂದರೆ ಒಂದು ದಿನದ ತೋಟದ ಕೆಲಸ ಹೋಯಿತು ಅಂತಲೇ ಲೆಕ್ಕ. ಆ ಒಂದು ದಿನ ಉಳಿಸಲು ಹೋಗಿ ನಾನು ರಿಪೇರಿಗೆ ಕೈ ಹಾಕಿದೆ. ನಾನು ಕಂಪ್ಯೂಟರ್ ಓದಿದವನಲ್ಲ. ಅಡಿಕೆ ಕೃಷಿ ಉಂಟು, ಜೊತೆಗೆ ಊರಿನ ದೇವಸ್ಥಾನದ ಲೆಕ್ಕಪತ್ರ ಬರೆಯುತ್ತೇನೆ, ಅಷ್ಟೇ.

ಶುರುವಾದದ್ದು ಒಂದು ಜುಲೈ ತಿಂಗಳಲ್ಲಿ. ನಾಲ್ಕು ದಿನದಿಂದ ಬಿಡದೆ ಮಳೆ. ಕಂಪ್ಯೂಟರ್ ಆನ್ ಮಾಡಿದರೆ ಫ್ಯಾನ್ ತಿರುಗುತ್ತದೆ, ಸ್ಕ್ರೀನ್ ಕಪ್ಪು. ಒಳಗಿಂದ ಬೀಪ್, ಬೀಪ್ ಅಂತ ಒಂದೇ ಸಮನೆ ಕೂಗು. ಸಿಪಿಯುವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ರಿಕ್ಷಾದಲ್ಲಿ ತೊಡೆಯ ಮೇಲಿಟ್ಟುಕೊಂಡು ಪೇಟೆಗೆ ಹೋದೆ. ಅಂಗಡಿಯವರು ನೋಡಿ, "ಮದರ್‌ಬೋರ್ಡ್ ಹೋಗಿದೆ, ನಾಲ್ಕೂವರೆ ಸಾವಿರ ಆಗ್ತದೆ" ಅಂದರು. ಅಷ್ಟು ದುಡ್ಡು ಕೈಯಲ್ಲಿ ಇರಲಿಲ್ಲ. ಹಾಗೇ ವಾಪಸ್ ತಂದೆ.

ಮನೆಗೆ ಬಂದು ಸುಮ್ನೆ ಒಮ್ಮೆ ವಯರು ಸಿಕ್ಕಿಸಿ ನೋಡಿದೆ. ಆನ್ ಆಯ್ತು! ಎರಡು ದಿನ ಚೆನ್ನಾಗಿ ನಡೆಯಿತು. ಮೂರನೇ ದಿನ ಮತ್ತೆ ಬೀಪ್.

ಬೆಂಗಳೂರಿನಲ್ಲಿರುವ ಅಕ್ಕನ ಮಗನಿಗೆ ಫೋನ್ ಮಾಡಿದೆ. ಅವನು ನಗಾಡಿದ. "ಮಾವ, ರಿಕ್ಷಾದಲ್ಲಿ ಕುಲುಕಿದ್ದಕ್ಕೆ ಸರಿ ಆದದ್ದು ಅದು. ಬೋರ್ಡ್ ಹೋಗಿದ್ರೆ ಕುಲುಕಿದ್ರೆ ಸರಿ ಆಗ್ತದಾ? ಪಕ್ಕದ ಮುಚ್ಚಳ ತೆಗೆಯಿರಿ" ಅಂದ. ನನಗೆ ಕೈ ನಡುಗಿತು. ಆದರೂ ತೆಗೆದೆ.

ಅವತ್ತು ಮಾಡಿದ್ದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಆಮೇಲೆ ಇದೇ ಕೆಲಸವನ್ನು ನಮ್ಮ ಸುತ್ತಮುತ್ತಲಿನ ಏಳೆಂಟು ಮನೆಗಳಲ್ಲಿ ಮಾಡಿದ್ದೇನೆ. ಮೊದಲು ಸ್ವಿಚ್ ಆಫ್ ಮಾಡಿ ಪ್ಲಗ್ ಕಿತ್ತು ತೆಗೆಯಬೇಕು. ಪ್ಲಗ್ ಇಲ್ಲದೆಯೇ ಪವರ್ ಬಟನ್ನನ್ನು ಹತ್ತು ಸೆಕೆಂಡು ಒತ್ತಿ ಹಿಡಿದರೆ ಒಳಗೆ ಉಳಿದ ಕರೆಂಟು ಖಾಲಿಯಾಗುತ್ತದೆ. ಪೆಟ್ಟಿಗೆಯ ತಗಡನ್ನು ಒಮ್ಮೆ ಬರಿಗೈಯಲ್ಲಿ ಮುಟ್ಟಬೇಕು, ಮೈಯಲ್ಲಿನ ಸ್ಟಾಟಿಕ್ ಅಲ್ಲಿಗೆ ಹೋಗಲಿ ಅಂತ. ಒಳಗೆ ಉದ್ದಕ್ಕೆ, ಬಾಚಣಿಗೆ ನಿಲ್ಲಿಸಿದ ಹಾಗೆ ಒಂದು ಹಸಿರು ಪಟ್ಟಿ ಕಾಣುತ್ತದೆ. ಕೆಲಸ ಮಾಡುವಾಗ ಕಂಪ್ಯೂಟರ್ ನೆನಪಿಟ್ಟುಕೊಳ್ಳುವುದು ಅದರಲ್ಲಿ. ಅದೇ ರ‍್ಯಾಮ್. ಅದರ ತುದಿಯ ಕ್ಲಿಪ್ ಹೊರಗೆ ಒತ್ತಿದರೆ ಪಟ್ಟಿ ತಾನಾಗಿ ಮೇಲೆ ಬರುತ್ತದೆ. ಕೆಳ ಅಂಚಿನಲ್ಲಿ ಸಾಲಾಗಿ ಚಿನ್ನದ ಬಣ್ಣದ ಹಲ್ಲುಗಳು. ನಮ್ಮದರಲ್ಲಿ ಅವು ಹಳೇ ಹಿತ್ತಾಳೆ ಚೊಂಬಿನ ಹಾಗೆ ಕಪ್ಪಾಗಿದ್ದವು. ಮಳೆಗಾಲದ ತೇವದ ಕೆಲಸ. ಮಗಳ ಕಂಪಾಸ್ ಪೆಟ್ಟಿಗೆಯಿಂದ ಬಿಳಿ ರಬ್ಬರ್ ತೆಗೆದು ಎರಡೂ ಬದಿ ಮೆಲ್ಲ ಉಜ್ಜಿದೆ. ಹಲ್ಲುಗಳು ಹೊಳೆದವು. ರಬ್ಬರಿನ ಪುಡಿಯನ್ನು ಒಣ ಬ್ರಷ್ಷಿನಲ್ಲಿ ಗುಡಿಸಿದೆ. ಬಾಯಲ್ಲಿ ಊದಬೇಡಿ, ಎಂಜಲು ಹಾರುತ್ತದೆ. ಪಟ್ಟಿಯ ನಡುವಿನ ಕಚ್ಚು ನೋಡಿ, ಅದೇ ದಿಕ್ಕಿನಲ್ಲಿಟ್ಟು ಎರಡೂ ತುದಿ ಒತ್ತಿದೆ. ಕ್ಲಿಪ್ ಟಕ್ ಅನ್ನಬೇಕು, ಅಲ್ಲಿವರೆಗೆ ಒತ್ತಬೇಕು. ನಾನು ಮೊದಲ ಸಲ ಹೆದರಿ ಅರ್ಧ ಒತ್ತಿದ್ದಕ್ಕೆ ಮತ್ತೆ ಬೀಪ್ ಬಂತು. ಎರಡನೇ ಸಲ ಸರಿಯಾಯಿತು.

ನಾಲ್ಕೂವರೆ ಸಾವಿರದ ಕೆಲಸ ಎರಡು ರೂಪಾಯಿಯ ರಬ್ಬರಿನಲ್ಲಿ ಮುಗಿಯಿತು. ಅಡಿಕೆ ಲೆಕ್ಕದ ಪುಸ್ತಕದ ಕೊನೇ ಪುಟದಲ್ಲಿ ತಾರೀಕು ಹಾಕಿ ಬರೆದಿಟ್ಟೆ. ಆಮೇಲೆ ಏನು ಕೆಟ್ಟರೂ ಅಲ್ಲೇ ಬರೆಯುವುದು ಅಭ್ಯಾಸವಾಯಿತು. ಎರಡು ಮೂರು ವರ್ಷದ ಪುಟಗಳನ್ನು ಒಟ್ಟಿಗೆ ತಿರುಗಿಸಿದಾಗ ಒಂದು ವಿಷಯ ಕಣ್ಣಿಗೆ ಬಿತ್ತು. ನಮ್ಮ ಕಂಪ್ಯೂಟರಿನ ರೋಗಗಳಿಗೂ ತಿಂಗಳು ಉಂಟು. ಮಳೆಗಾಲದಲ್ಲಿ ಅಡಿಕೆಗೆ ಕೊಳೆರೋಗ ಬರುವ ಕಾಲಕ್ಕೆ ರ‍್ಯಾಮ್ ಕೈಕೊಡುತ್ತದೆ. ಅದಕ್ಕೇ ಈಗ ಕೆಲಸ ಇಲ್ಲದಿದ್ದರೂ ಮಳೆಗಾಲದಲ್ಲಿ ದಿನಾ ಅರ್ಧ ಗಂಟೆ ಆನ್ ಮಾಡಿಡುತ್ತೇನೆ. ಒಳಗೆ ಸ್ವಲ್ಪ ಬೆಚ್ಚಗಾದರೆ ತೇವ ಕೂರುವುದಿಲ್ಲ.

ತುಲಾ ತಿಂಗಳಿನ, ಅಂದರೆ ಅಕ್ಟೋಬರ್-ನವೆಂಬರಿನ ರೋಗ ಸಿಡಿಲು. ಬೆಳಗ್ಗೆ ಚೆನ್ನಾಗಿ ಬಿಸಿಲು, ಮೂರು ಗಂಟೆ ಕಳೆದ ಮೇಲೆ ಘಟ್ಟದ ಕಡೆ ಕಪ್ಪಾಗುತ್ತದೆ. ಮೇ ಕೊನೆಗೆ ಬರುವ ಪತ್ತನಾಜೆಯ ಆಸುಪಾಸಿನ ಮಳೆಯೂ ಹೀಗೇ. ಸ್ವಿಚ್ ಆಫ್ ಮಾಡಿದರೆ ಸಾಕು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಸಾಕಾಗುವುದಿಲ್ಲ. ಸ್ವಿಚ್ ಒಂದು ವಯರನ್ನು ಮಾತ್ರ ಕಡಿಯುತ್ತದೆ, ನ್ಯೂಟ್ರಲ್ಲೂ ಅರ್ತೂ ಹಾಗೇ ಇರುತ್ತವೆ. ಸ್ಪೈಕ್ ಬಸ್ಟರ್ ಹತ್ತಿರದ ಸಿಡಿಲಿಗೆ ಲೆಕ್ಕಕ್ಕೇ ಇಲ್ಲ. ಪ್ಲಗ್ಗನ್ನೇ ಕೀಳಬೇಕು. ನಾನು ಅದನ್ನೂ ಮಾಡಿದ್ದೆ, ಆದರೆ ಮೋಡೆಮ್ಮಿನಿಂದ ಬರುವ ಲ್ಯಾನ್ ವಯರು ಮರೆತೆ. ಮೋಡೆಮ್ಮಿನ ಅಡಾಪ್ಟರ್ ಗೋಡೆಯಲ್ಲೇ ಇತ್ತು. ಸಿಡಿಲು ಆ ದಾರಿಯಲ್ಲಿ ಬಂದು ಮೋಡೆಮ್ಮನ್ನೂ ಕಂಪ್ಯೂಟರಿನ ಲ್ಯಾನ್ ಪೋರ್ಟನ್ನೂ ಸುಟ್ಟಿತು. ಪುಣ್ಯಕ್ಕೆ ಬೋರ್ಡ್ ಉಳಿಯಿತು. ಯುಎಸ್‌ಬಿಗೆ ಹಾಕುವ ಚಿಕ್ಕ ವೈಫೈ ಡಾಂಗಲ್ ತಂದೆ, ಈಗಲೂ ಅದರಲ್ಲೇ ನಡೆಯುತ್ತಿದೆ. ಫೈಬರ್ ಆದರೆ ಹೆದರಿಕೆ ಇಲ್ಲ ಅನ್ನುವವರಿಗೆ ಒಂದು ಮಾತು: ಗಾಜಿನ ಎಳೆಯಲ್ಲಿ ಕರೆಂಟು ಹರಿಯುವುದಿಲ್ಲ, ನಿಜ. ಮೋಡೆಮ್ಮಿಗೆ ಕರೆಂಟು ಬರುವುದು ಗೋಡೆಯಿಂದ ಅಲ್ವಾ?

ಬೇಸಿಗೆಗೆ ಯುಪಿಎಸ್. ಸಂಜೆ ಎಲ್ಲರೂ ತೋಟಕ್ಕೆ ಪಂಪು ಹಾಕುವ ಹೊತ್ತಿಗೆ ವೋಲ್ಟೇಜ್ ಇಳಿಯುತ್ತದೆ. ಆಗ ಯುಪಿಎಸ್ ಟಕ್ ಟಕ್ ಅನ್ನುತ್ತಾ ಪದೇ ಪದೇ ಬ್ಯಾಟರಿಗೆ ಹೋಗುತ್ತದೆ, ಬ್ಯಾಟರಿ ಬೇಗ ಸಾಯುತ್ತದೆ. ಕರೆಂಟು ಹೋದ ಕೂಡಲೇ ಕಂಪ್ಯೂಟರೂ ಆಫ್ ಆದರೆ ಇಡೀ ಯುಪಿಎಸ್ ಬಿಸಾಡಬೇಡಿ. ಒಳಗಿರುವುದು 12 ವೋಲ್ಟಿನ, 7 ಆಂಪಿಯರ್ ಅವರ್‌ನ ಪುಟ್ಟ ಬ್ಯಾಟರಿ. ಕೆಂಪು ವಯರು ಪ್ಲಸ್ಸಿಗೆ, ಕಪ್ಪು ಮೈನಸ್ಸಿಗೆ. ಪ್ಲಗ್ ತೆಗೆದು ಬದಲಾಯಿಸಿದರೆ ಮುಗಿಯಿತು.

ಬೇಸಿಗೆಯಲ್ಲಿ ಇನ್ನೊಂದು ತಾಪತ್ರಯವನ್ನು ನಾವೇ ಮಾಡಿಕೊಂಡಿದ್ದೆವು. ಚಾವಡಿಯಲ್ಲಿ ಅಡಿಕೆ ಸುಲಿಯುವುದು, ಅದೇ ಚಾವಡಿಯ ಮೂಲೆಯಲ್ಲಿ ಕಂಪ್ಯೂಟರ್. ಅರ್ಧ ಗಂಟೆಗೆ ತಾನಾಗಿ ಆಫ್ ಆಗುತ್ತಿತ್ತು. ಬಿಚ್ಚಿ ನೋಡಿದರೆ ಫ್ಯಾನಿನ ಕೆಳಗೆ ಸಿಪ್ಪೆಯ ನಾರು, ಧೂಳು ಸೇರಿ ಚಾಪೆ ನೇಯ್ದ ಹಾಗಿತ್ತು. ಪೇಂಟ್ ಬ್ರಷ್ಷಿನಲ್ಲಿ ತೆಗೆದೆ. ಫ್ಯಾನಿಗೆ ಗಾಳಿ ಹೊಡೆಯುವಾಗ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಳ್ಳಬೇಕು, ಜೋರಾಗಿ ತಿರುಗಿದರೆ ಹಾಳಾಗುತ್ತದೆ. ಕಂಪ್ಯೂಟರ್ ಈಗ ಕೋಣೆಯಲ್ಲಿದೆ.

ತಿಂಗಳ ಲೆಕ್ಕಕ್ಕೆ ಸಿಗದವೂ ಕೆಲವು ಉಂಟು. ಒಂದು ಸಲ ಯಾವ ವೆಬ್‌ಸೈಟೂ ತೆರೆಯಲಿಲ್ಲ. ಸಂಪರ್ಕ ಸುರಕ್ಷಿತವಲ್ಲ ಅಂತ ಕೆಂಪು ಎಚ್ಚರಿಕೆ. ಎರಡು ದಿನ ಇಂಟರ್ನೆಟ್ಟಿನವರನ್ನು ಬೈದೆ. ಕೊನೆಗೆ ನೋಡಿದರೆ ಕೆಳಗೆ ಮೂಲೆಯಲ್ಲಿ ತಾರೀಕು ಎಷ್ಟೋ ವರ್ಷ ಹಿಂದಿನದು. ವೆಬ್‌ಸೈಟುಗಳ ಪ್ರಮಾಣಪತ್ರಕ್ಕೆ ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಅವಧಿ ಇರುತ್ತದೆ. ತಾರೀಕು ತಪ್ಪಿದರೆ ಬ್ರೌಸರ್ ನಂಬುವುದಿಲ್ಲ. ಬೋರ್ಡಿನ ಮೇಲೆ ನಾಣ್ಯದ ಹಾಗಿರುವ ಸಿಆರ್ 2032 ಬ್ಯಾಟರಿ ಸತ್ತಿತ್ತು. ಗಡಿಯಾರದ ಅಂಗಡಿಯಲ್ಲಿ ಸಿಕ್ಕಿತು. ಈಗ ಯಾರಾದರೂ ನೆಟ್ ಇಲ್ಲ ಅಂದರೆ ಮೊದಲು ಕೇಳುವುದೇ, "ತಾರೀಕು ಸರಿ ಉಂಟಾ?"

ಇನ್ನೊಂದು ವಿಷಯದಲ್ಲಿ ಮನೆಯಲ್ಲೇ ಜಗಳ ಆಗಿತ್ತು. ಕಂಪ್ಯೂಟರ್ ನಿಧಾನ. "ಆಫ್ ಮಾಡದೆ ಇಡ್ತೀಯಾ" ಅಂತ ನಾನು, "ದಿನಾ ರಾತ್ರಿ ಆಫ್ ಮಾಡ್ತೇನೆ" ಅಂತ ಹೆಂಡತಿ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದೆ. ಪರ್ಫಾರ್ಮೆನ್ಸ್ ಅನ್ನುವಲ್ಲಿ ಅಪ್ ಟೈಮ್, ಅಂದರೆ ಆಫ್ ಆಗದೆ ನಡೆದ ಕಾಲ, 23 ದಿನ ತೋರಿಸಿತು. ಗೆದ್ದೆ ಅಂದುಕೊಂಡೆ. ಆದರೆ ಅವಳು ಹೇಳಿದ್ದೇ ಸರಿ. ವಿಂಡೋಸಿನಲ್ಲಿ ಫಾಸ್ಟ್ ಸ್ಟಾರ್ಟಪ್ ಅಂತ ಒಂದು ಉಂಟು. ಅದಿದ್ದರೆ ಶಟ್ ಡೌನ್ ಕೊಟ್ಟರೂ ವಿಂಡೋಸಿನ ಒಳಗಿನ ಭಾಗ ಪೂರ್ತಿ ಮುಚ್ಚುವುದಿಲ್ಲ. ಅದನ್ನು ಡಿಸ್ಕಿನಲ್ಲಿ ಉಳಿಸಿಟ್ಟು ಮರುದಿನ ಅಲ್ಲಿಂದಲೇ ಶುರು ಮಾಡುತ್ತದೆ. ಪೂರ್ತಿ ಹೊಸದಾಗಿ ಶುರುವಾಗುವುದು ರೀಸ್ಟಾರ್ಟ್ ಕೊಟ್ಟಾಗ. ವಾರಕ್ಕೊಮ್ಮೆ ರೀಸ್ಟಾರ್ಟ್ ಅಂತ ರಾಜಿಯಾಯಿತು. ಅದೇ ಟಾಸ್ಕ್ ಮ್ಯಾನೇಜರಿನ ಸ್ಟಾರ್ಟಪ್ ಪಟ್ಟಿಯಲ್ಲಿ ಬೇಡದ ಏಳೆಂಟನ್ನು ಡಿಸೇಬಲ್ ಮಾಡಿದೆ. ಆಂಟಿವೈರಸ್ಸನ್ನು ಮಾತ್ರ ಮುಟ್ಟಲಿಲ್ಲ.

ಮೊಬೈಲ್ ಹಾಟ್‌ಸ್ಪಾಟಿನಲ್ಲಿ ನಡೆಸುವವರು ವೈಫೈ ಸೆಟ್ಟಿಂಗಿಗೆ ಹೋಗಿ ಮೀಟರ್ಡ್ ಕನೆಕ್ಷನ್ ಆನ್ ಮಾಡಿಕೊಳ್ಳಿ. ಇಲ್ಲದಿದ್ದರೆ ನಿಮ್ಮ ದಿನದ ಡೇಟಾವನ್ನು ವಿಂಡೋಸ್ ಅಪ್‌ಡೇಟ್ ಬೆಳಗ್ಗೆಯೇ ತಿಂದಿರುತ್ತದೆ.

ನೆರೆಮನೆಯ ಅಣ್ಣ ಒಮ್ಮೆ ಓಡಿ ಬಂದರು. ಸ್ಕ್ರೀನಿನ ಮೂಲೆಯಲ್ಲಿ ಐದು ವೈರಸ್ ಉಂಟು, ಈ ನಂಬರಿಗೆ ಫೋನ್ ಮಾಡಿ ಅಂತ ಬರ್ತಾ ಉಂಟಂತೆ. ಹೋಗಿ ನೋಡಿದರೆ ವೈರಸ್ ಇಲ್ಲ ಎಂತದೂ ಇಲ್ಲ. ಯಾವುದೋ ವೆಬ್‌ಸೈಟ್ ಕೇಳಿದಾಗ ಇವರು ಅಲೋ ಒತ್ತಿದ್ದರು, ಅದು ಕಳಿಸುವ ನೋಟಿಫಿಕೇಶನ್. ಕ್ರೋಮಿನ ಸೈಟ್ ಸೆಟ್ಟಿಂಗ್ಸಿನಲ್ಲಿ ನೋಟಿಫಿಕೇಶನ್ ತೆರೆದು ಆ ಹೆಸರನ್ನು ತೆಗೆದೆವು, ನಿಂತಿತು. ಅಂಥ ನಂಬರಿಗೆ ಫೋನ್ ಮಾಡಿ ಯಾರಾದರೂ ದುಡ್ಡು ಕಳಕೊಂಡರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ತಿಳಿಸಬೇಕು. ತಡವಾದಷ್ಟೂ ದುಡ್ಡು ಕೈಗೆ ಸಿಗುವುದು ಕಷ್ಟ.

ಇನ್ನು ಕನ್ನಡ. ನಮ್ಮ ಕಡೆ ಇದು ದೊಡ್ಡ ಕತೆ. ಇಲ್ಲಿ ಕಂಪ್ಯೂಟರ್ ಕೊಂಡರೆ ಹಾಕಿ ಕೊಡುವವರು ಇಂಗ್ಲಿಷಿನ ಜೊತೆ ಮಲಯಾಳ ಕೀಬೋರ್ಡ್ ಸೇರಿಸಿ ಕೊಡುತ್ತಾರೆ. ಅವರ ತಪ್ಪೇನಲ್ಲ, ಇಲ್ಲಿ ಜಾಸ್ತಿ ಜನ ಕೇಳುವುದು ಅದನ್ನೇ. ಕನ್ನಡವನ್ನು ನಾವೇ ಹಾಕಿಕೊಳ್ಳಬೇಕು. ಸೆಟ್ಟಿಂಗ್ಸಿನಲ್ಲಿ ಟೈಮ್ ಅಂಡ್ ಲ್ಯಾಂಗ್ವೇಜ್, ಅಲ್ಲಿ ಲ್ಯಾಂಗ್ವೇಜ್, ಆಡ್ ಕೊಟ್ಟು ಕನ್ನಡ. ಆಮೇಲೆ ವಿಂಡೋಸ್ ಕೀ ಹಿಡಿದು ಸ್ಪೇಸ್ ಬಾರ್ ಒತ್ತಿದರೆ ಭಾಷೆ ಬದಲಾಗುತ್ತದೆ. ವಿಂಡೋಸ್ 10ರಲ್ಲಿ 2019ರ ಅಪ್‌ಡೇಟಿನಿಂದ ಫೊನೆಟಿಕ್ ಕೀಬೋರ್ಡೂ ಬಂತು. ಇಂಗ್ಲಿಷ್ ಅಕ್ಷರದಲ್ಲಿ ಹೇಳುವ ಹಾಗೇ ಒತ್ತಿದರೆ ಕನ್ನಡ ಮೂಡುತ್ತದೆ. ನನ್ನ ಕೈ ಮಾತ್ರ ಕೆ.ಪಿ. ರಾವ್ ಅವರ ಕೀಬೋರ್ಡ್ ವಿನ್ಯಾಸಕ್ಕೇ ಒಗ್ಗಿದೆ. ಕನ್ನಡ ಬರೆಯುವ ನುಡಿ ತಂತ್ರಾಂಶದಲ್ಲಿ ಬಂದದ್ದೂ ಅದೇ. ಒತ್ತಕ್ಷರಕ್ಕೆ ಎಫ್ ಒತ್ತುವ ಅಭ್ಯಾಸ ಬಿಡಲಿಕ್ಕೆ ಆಗುವುದಿಲ್ಲ.

ದೇವಸ್ಥಾನದ ಜಾತ್ರೆಯ ಆಮಂತ್ರಣ ಪ್ರತಿ ವರ್ಷ ಪ್ರೆಸ್ಸಿನಿಂದ ಪ್ರೂಫಿಗೆ ಬರುತ್ತದೆ. ಮೊದಲ ಸಲ ಫೈಲ್ ತೆರೆದಾಗ ಗಾಬರಿಯಾಯಿತು. ದೇವರ ಹೆಸರಿರಬೇಕಾದಲ್ಲಿ ತಲೆಮೇಲೆ ಓರೆ ಗೀಟು ಎಳೆದ ಇಂಗ್ಲಿಷ್ ಎ, ನಡುವೆ ಪೌಂಡಿನ ಗುರುತು. ವೈರಸ್ ಅಂದುಕೊಂಡು ಅಳಿಸಿಬಿಟ್ಟೆ. ಪ್ರೆಸ್ಸಿನವರಿಗೆ ಮತ್ತೆ ಕಳಿಸಲು ಹೇಳಿದೆ, ಮತ್ತೆ ಅದೇ. ಆಮೇಲೆ ಗೊತ್ತಾಯಿತು. ಈಗ ಎಲ್ಲ ಕಂಪ್ಯೂಟರಿಗೂ ಮೊಬೈಲಿಗೂ ಅರ್ಥವಾಗುವ ಅಕ್ಷರ ಸಂಕೇತ ಯೂನಿಕೋಡ್. ಅವರು ಟೈಪ್ ಮಾಡಿದ್ದು ಯೂನಿಕೋಡ್ ಅಲ್ಲದ ಹಳೇ ನುಡಿ ಫಾಂಟಿನಲ್ಲಿ. ಅದರಲ್ಲಿ ಒಳಗಿರುವುದು ಇಂಗ್ಲಿಷ್ ಸಂಕೇತಗಳೇ, ಫಾಂಟ್ ಅದರ ಮೇಲೆ ಕನ್ನಡದ ಮುಖವಾಡ ಹಾಕುತ್ತದೆ. ಆ ಫಾಂಟ್ ನಮ್ಮಲ್ಲಿ ಇಲ್ಲದಿದ್ದರೆ ವೇಷ ಕಳಚಿ ಪೌಂಡು ಕಾಣುತ್ತದೆ. ಓದಿದರೆ ಸಾಕು ಅಂತಾದರೆ ಫಾಂಟ್ ಇನ್‌ಸ್ಟಾಲ್ ಮಾಡಿ, ಅಕ್ಷರಗಳನ್ನು ಆಯ್ದು ನುಡಿ ಫಾಂಟ್ ಕೊಟ್ಟರೆ ಆಯಿತು. ವಾಟ್ಸಾಪಿನಲ್ಲಿ ಕಳಿಸಬೇಕಾದರೆ ಯೂನಿಕೋಡಿಗೆ ಬದಲಾಯಿಸಿಕೊಡುವ ಕನ್ವರ್ಟರ್ ಬೇಕು. ಬದಲಾಯಿಸಿದ ಮೇಲೆ ಒಮ್ಮೆ ಪೂರ್ತಿ ಓದಿ. ಅರ್ಕಾವೊತ್ತು ಇರುವಲ್ಲಿ ಎಡವುತ್ತದೆ. ನಮ್ಮ ಅರ್ಚಕರ ಹೆಸರನ್ನು ಕೆಡಿಸಿ ಒಮ್ಮೆ ಮಾತು ಕೇಳಿಸಿಕೊಂಡಿದ್ದೇನೆ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ಮುಗಿಯಿತು. ನಮ್ಮದು ನಾಲ್ಕನೇ ತಲೆಮಾರಿನ ಐ3, ವಿಂಡೋಸ್ 11 ಅದನ್ನು ಒಪ್ಪುವುದಿಲ್ಲ. ಹೊಸತು ಕೊಳ್ಳಬೇಕಾ ಅಂತ ನಾನು ಲೆಕ್ಕ ಹಾಕುತ್ತಿದ್ದೆ. ಮಗಳು, "ಅಪ್ಪ, ನಮ್ಮ ಶಾಲೆಯದ್ದು ಹಾಕುವ" ಅಂದಳು. ಕೇರಳದ ಸರಕಾರಿ ಶಾಲೆಗಳಲ್ಲಿ, ಶಾಲೆಗಳ ಕಂಪ್ಯೂಟರ್ ಕೆಲಸ ನೋಡುವ ಸರಕಾರಿ ಸಂಸ್ಥೆ ಕೈಟ್‌ನವರು ಕೊಡುವ ಉಬುಂಟು ಇರುವುದು. ವಿಂಡೋಸಿನ ಬದಲಿಗೆ ಹಾಕುವ ಒಂದು ಬಗೆಯ ಲಿನಕ್ಸ್ ಅದು. ಅವಳಿಗೆ ಅದು ನೀರು ಕುಡಿದ ಹಾಗೆ. ಹಳೇ ಹಾರ್ಡ್ ಡಿಸ್ಕ್ ತೆಗೆದು 256 ಜಿಬಿಯ ಎಸ್‌ಎಸ್‌ಡಿ ಹಾಕಿದೆ. ಎರಡು ಸ್ಕ್ರೂ, ಎರಡು ವಯರು, ಅಷ್ಟೇ ಕೆಲಸ. ಹಳೇ ಡಿಸ್ಕನ್ನು ಲೆಕ್ಕಪತ್ರ ಸಮೇತ ಹಾಗೇ ಎತ್ತಿಟ್ಟೆ. ಪೆನ್ ಡ್ರೈವಿನಿಂದ ಅವಳೇ ಲಿನಕ್ಸ್ ಹಾಕಿದಳು. ಮೊದಲು ಆನ್ ಮಾಡಿ ಚಾ ಕುಡಿದು ಬರಬಹುದಿತ್ತು, ಈಗ ಕುರ್ಚಿ ಎಳೆದು ಕೂರುವಷ್ಟರಲ್ಲಿ ತೆರೆದಿರುತ್ತದೆ. ಕೀಬೋರ್ಡ್ ಪಟ್ಟಿಯಲ್ಲಿ ಕಗಪ (ಕನ್ನಡ ಗಣಕ ಪರಿಷತ್ತು) ಅಂತ ಕೆ.ಪಿ. ರಾವ್ ವಿನ್ಯಾಸವೂ ಸಿಕ್ಕಿತು. ಎಫ್ ಒತ್ತಿದೆ, ಒತ್ತಕ್ಷರ ಬಂತು. ನನಗೆ ಅಷ್ಟು ಸಾಕು.

ಪ್ರಿಂಟರ್ ಮಾತ್ರ ಇನ್ನೂ ಹಟ ಬಿಟ್ಟಿಲ್ಲ. ವಿಂಡೋಸಿನಲ್ಲಿ ಸುಮ್ಮನಿದ್ದದ್ದು ಇದರಲ್ಲಿ ಪ್ರತಿ ಪುಟದ ಎಡಗಡೆ ಎರಡು ಬೆರಳು ಅಗಲ ಖಾಲಿ ಬಿಡುತ್ತದೆ. ಪುಸ್ತಕದ ಕೊನೇ ಪುಟದಲ್ಲಿ ತಾರೀಕು ಹಾಕಿ ಬರೆದಿದ್ದೇನೆ. ಅಡಿಕೆ ಕೊಯ್ಲು ಒಮ್ಮೆ ಮುಗಿಯಲಿ, ನೋಡುವ.