ತಟ್ಟೆ ಇಡ್ಲಿ ಮೇಜಿನ ಸುತ್ತ ಹತ್ತು ವಕೀಲರ ಸಂಘ

ತುಮಕೂರು ಜಿಲ್ಲೆಯ ಹತ್ತೂ ತಾಲ್ಲೂಕಿನ ವಕೀಲರ ಸಂಘದ ಅಧ್ಯಕ್ಷರು, ಕಾರ್ಯದರ್ಶಿಗಳನ್ನ ಒಟ್ಟಿಗೆ ಕೂರಿಸ್ತೀನಿ ಅಂತ ಹೊರಟಾಗ ನಮ್ಮ ಸೀನಿಯರ್ ನಕ್ಕುಬಿಟ್ಟರು. ‘ತಕ್ಕಡೀಲಿ ಕಪ್ಪೆ ತೂಗೋಕೆ ಹೊರಟಿದ್ದೀಯಲ್ಲೋ’ ಅಂದರು. ಈಗ ಎರಡು ವರ್ಷವಾಗ್ತಾ ಬಂತು. ನಡುವೆ ಮೂರ್ನಾಲ್ಕು ತಿಂಗಳು ಬಿಟ್ಟರೆ ಕೂಟ ತಪ್ಪಿಲ್ಲ. ಮೊನ್ನೆ ಅವರೇ ಫೋನ್ ಮಾಡಿ ‘ಈ ಸಲ ಎಲ್ಲಿ ಸೇರ್ತೀರಪ್ಪಾ?’ ಅಂತ ಕೇಳಿದ್ದಕ್ಕೆ ಬರೀತಿದ್ದೀನಿ.

ಮೊದಲ ಸಲದ್ದು ನೆನೆಸಿಕೊಂಡರೆ ಈಗಲೂ ನಾಚಿಕೆ. ಕಲ್ಯಾಣ ಮಂಟಪ ಹಿಡಿದು ಸಮಾವೇಶ ಮಾಡಿದೆವು. ಆಹ್ವಾನ ಪತ್ರಿಕೆಯಲ್ಲಿ 40 ಚಿಲ್ಲರೆ ಹೆಸರು. ಮಾಜಿ ಅಧ್ಯಕ್ಷರೊಬ್ಬರ ಹೆಸರು ಬಿಟ್ಟುಹೋಗಿ, ಮರುಮುದ್ರಣಕ್ಕೇ 3 ಸಾವಿರ. ಶಾಲು, ಹಾರ, ಪೇಟ, ಊಟ ಸೇರಿ 85 ಸಾವಿರದ ಆಸುಪಾಸು ಹೋಯಿತು. ಸಂಘದ ಖಾತೆಯಲ್ಲಿ ಇದ್ದದ್ದೇ ಲಕ್ಷ ಚಿಲ್ಲರೆ. ಭಾಷಣ ಮುಗಿದಾಗ ಮಧ್ಯಾಹ್ನ ಎರಡೂವರೆ. ಚರ್ಚೆಗೆ ಅಂತ ಇಟ್ಟಿದ್ದ ಹೊತ್ತಿಗೆ ಎಲ್ಲರೂ ಪಂಕ್ತಿಯಲ್ಲಿ ಕೂತಿದ್ದರು. ನಮ್ಮ ಖಜಾಂಚಿ ಆರು ತಿಂಗಳು ನನ್ನ ಜೊತೆ ನೆಟ್ಟಗೆ ಮಾತಾಡಲಿಲ್ಲ.

ಆಮೇಲೆ ಎರಡನೇ ಶನಿವಾರ ರಜೆ ಅಂತ ಅವತ್ತಿಗಿಟ್ಟೆ. ಕೇಸುಗಳನ್ನ ರಾಜಿಯಲ್ಲಿ ಮುಗಿಸೋ ರಾಷ್ಟ್ರೀಯ ಲೋಕ ಅದಾಲತ್ ಬರೋದೂ ಅದೇ ಶನಿವಾರ ಅನ್ನೋದು ನನ್ನ ದಡ್ಡ ತಲೆಗೆ ಹೊಳೀಲೇ ಇಲ್ಲ. ಬಂದವರು ಇಬ್ಬರು. ಭಾನುವಾರ ಅಂದರೆ ಕಕ್ಷಿದಾರರು ಮನೆ ಬಾಗಿಲಲ್ಲಿ. ಕೊನೆಗೆ ದಾರಿ ತೋರಿಸಿದ್ದು ತುಮಕೂರು ಪಕ್ಕದ ಕ್ಯಾತಸಂದ್ರದ ತಟ್ಟೆ ಇಡ್ಲಿ. ಭಾನುವಾರ ಬೆಳಿಗ್ಗೆ ಏಳಕ್ಕೆ ಇಡ್ಲಿ, ಒಂಬತ್ತರೊಳಗೆ ಮಾತು ಮುಗೀಬೇಕು. ಇಡ್ಲಿ ದುಡ್ಡು ಅವರವರದೇ, ಕಾಫಿ ಮಾತ್ರ ಸಂಘದ್ದು, ತಿಂಗಳಿಗೆ 300 ದಾಟಲ್ಲ. ಪಾವಗಡದಿಂದ ಬಂದವರು ನಾಲ್ಕೂವರೆಗೇ ಮನೆ ಬಿಟ್ಟಿದ್ದರಂತೆ. ಅವರ ಮುಖ ನೋಡಿ, ಒಂದು ತಿಂಗಳು ಇಲ್ಲಿ, ಒಂದು ತಿಂಗಳು ಅವರ ನಡುದಾರಿಯ ಮಧುಗಿರೀಲಿ ಅಂತ ಬದಲಾಯಿಸಿದೆ.

ನಿಯಮ ಇಷ್ಟೇ: ಭಾಷಣ, ಫೋಟೊ, ಪತ್ರಿಕಾ ಹೇಳಿಕೆ ಯಾವುದೂ ಇಲ್ಲ. ಒಬ್ಬೊಬ್ಬರು ಒಂದೊಂದು ವಿಷಯ ತರಬೇಕು, ಲೆಕ್ಕದ ಸಮೇತ. ‘ಹೀಗೆ ಮಾಡಿದ್ವಿ, ಇಷ್ಟು ಖರ್ಚಾಯ್ತು, ಇಲ್ಲಿ ಕೈ ಸುಟ್ಟುಕೊಂಡ್ವಿ.’

ಮೂರನೇ ಕೂಟದಲ್ಲೋ ನಾಲ್ಕನೇದರಲ್ಲೋ ಹಿರಿಯ ಕಾರ್ಯದರ್ಶಿಯೊಬ್ಬರು ಜೇಬಿನಿಂದ ಒಂದು ವಕಾಲತ್ತು ಫಾರಂ (ಕಕ್ಷಿದಾರರು ವಕೀಲರಿಗೆ ಅಧಿಕಾರ ಕೊಡೋ ಪತ್ರ, ಸಂಘ ಮಾರೋದು) ತೆಗೆದು ಸಾಂಬಾರ್ ತಾಗದ ಹಾಗೆ ಮೇಜಿನ ಮೇಲೆ ಹರಡಿದರು. ಮೂಲೆಯಲ್ಲಿ ಕೆಂಪು ಶಾಯಿಯ ಕ್ರಮಸಂಖ್ಯೆ, ಸಂಘದ ಮುದ್ರೆ ಹಸಿರು. ‘ಜೆರಾಕ್ಸ್ ಮಾಡಿದರೆ ಎರಡೂ ಕಪ್ಪು, ಕಣ್ಣಿಗೆ ಹೊಡೀತದೆ ನೋಡಿ’ ಅಂದರು. ನಮ್ಮಲ್ಲಿ ಕೋರ್ಟಿನೆದುರು ಅಂಗಡಿಗಳಲ್ಲಿ ನಕಲಿ ಫಾರಂ ಓಡ್ತಿತ್ತು. ಸಂಖ್ಯೆ ಹಾಕಿಸಿ ರಿಜಿಸ್ಟರ್ ಇಟ್ಟೆವು. ಫಾರಂ ಮಾರಾಟದಿಂದ ತಿಂಗಳಿಗೆ 4 ಸಾವಿರ ಬರ್ತಿದ್ದದ್ದು 11 ಸಾವಿರದ ಹತ್ತಿರ ಬಂತು. ಖಜಾಂಚಿ ಮಾತಾಡೋಕೆ ಶುರು ಮಾಡಿದ್ದು ಆಗಲೇ. ಶಾಯಿಯಲ್ಲಿ ನಾವು ಸೇರಿಸಿದ ಇನ್ನೊಂದು ಗುರುತಿದೆ, ಅದನ್ನ ಬರೆದರೆ ಜೆರಾಕ್ಸಿನವರೂ ಓದ್ತಾರೆ.

2024ರ ಜುಲೈ 1ಕ್ಕೆ ಹಳೇ ದಂಡ ಪ್ರಕ್ರಿಯಾ ಸಂಹಿತೆ (ಸಿಆರ್‌ಪಿಸಿ) ಹೋಗಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದು, ಕಲಂಗಳ ಸಂಖ್ಯೆ ಬದಲಾದಾಗಿನ ಗೊಂದಲವನ್ನೂ ಇಲ್ಲೇ ಹಂಚಿಕೊಂಡೆವು. ಹಳೇ ಕಲಂ 482 ಅಂದರೆ ಕೇಸು ರದ್ದು ಮಾಡೋದು ಮುಂತಾದ ಹೈಕೋರ್ಟಿನ ಅಂತರ್ಗತ ಅಧಿಕಾರ, ಈಗ ಅದು 528. ಹೊಸ 482 ಬಂಧನಕ್ಕೆ ಮುಂಚೆಯೇ ಕೇಳೋ ನಿರೀಕ್ಷಣಾ ಜಾಮೀನು. ನಮ್ಮ ಜೂನಿಯರ್ ಒಬ್ಬ ನಿರೀಕ್ಷಣಾ ಜಾಮೀನು ಅರ್ಜಿಗೆ ಅದರ ಹಳೇ ಸಂಖ್ಯೆ 438 ಹಾಕಿ, ಅದನ್ನ ಹೊಡೆದು ಮಾಮೂಲಿ ಜಾಮೀನಿನ 483 ಬರೆದು, ಅದನ್ನೂ ಹೊಡೆದಿದ್ದ. ಒಂದು ಸಂಘದವರು ಹಳೆಯದು–ಹೊಸದು ಪಟ್ಟಿಯನ್ನ ಫ್ಲೆಕ್ಸ್ ಮಾಡಿಸಿದರು, ಖರ್ಚು 450ರ ಒಳಗೆ. ಅದೇ ಫೈಲು ಉಳಿದ ಒಂಬತ್ತು ಸಂಘಗಳ ಬಾರ್ ರೂಮಿನ (ಕೋರ್ಟಿನಲ್ಲಿ ವಕೀಲರು ಕೂರೋ ಕೋಣೆ) ಗೋಡೆಗೂ ಹೋಯಿತು.

ಕಾನೂನು ವರದಿಗಳ (ಕೋರ್ಟ್ ತೀರ್ಪುಗಳ ಸಂಗ್ರಹ) ಆನ್‌ಲೈನ್ ಚಂದಾ ಎಲ್ಲರೂ ಸೇರಿ ಕೇಳಿದ್ದಕ್ಕೆ ಅದನ್ನ ಮಾರೋರು ಮೂರನೇ ಒಂದು ಪಾಲು ಇಳಿಸಿದರು. ಚೌಕಾಸಿ ಮಾಡಿದ್ದು ನಾನೇ, ಹೇಳಿಕೊಳ್ಳದೆ ಇರೋಕಾಗಲ್ಲ. ಮುಖ ತಿರುಗಿಸಿಕೊಂಡಿದ್ದ ಇಬ್ಬರು ಅಧ್ಯಕ್ಷರನ್ನ ಒಂದೇ ಕಾರಲ್ಲಿ ಹೇಗೆ ಕರೆತಂದೆ ಅನ್ನೋದು ಮಾತ್ರ ಕೇಳಬೇಡಿ.

ಮುಂದಿನ ಸಲ ಮಧುಗಿರಿ. ಕೈ ಸುಟ್ಟ ಲೆಕ್ಕ ಈ ಸಲ ನಂದೇ: ಇ-ಫೈಲಿಂಗಿಗೆ (ಕೇಸಿನ ಕಾಗದ ಆನ್‌ಲೈನಲ್ಲಿ ಸಲ್ಲಿಸೋದು) ಅಂತ 28 ಸಾವಿರ ಕೊಟ್ಟು ತಂದ ಸ್ಕ್ಯಾನರ್ ಎಂಟು ತಿಂಗಳಿಂದ ಬಾರ್ ರೂಮಿನ ಬೀರು ಮೇಲೆ ಡಬ್ಬದಲ್ಲೇ ಕೂತಿದೆ.